ಬೆಕ್ಕಿನ ಮೈಗೂದಲು ಉದುರುವುದೇಕೆ? ಕಾರಣ ತಿಳಿಯುವ ಬಗೆ ಮತ್ತು ಸುರಕ್ಷಿತ ಕ್ರಮಗಳು



ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ತೊಗರಿ ಬೆಳೆಯ ಪ್ರಮುಖ ಪ್ರದೇಶಗಳು. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಗುಲ್ಬರ್ಗಾ ತೊಗರಿ ಬೇಳೆಯ ಹೆಸರಿಗೆ ಈ ಭಾಗದ ಕಪ್ಪು ಮಣ್ಣಿನ ಹೊಲಗಳ ಕೊಡುಗೆ ದೊಡ್ಡದು. ರಾಶಿಯಾದ ತೊಗರಿ, ಹಿಂಗಾರಿ ಜೋಳ ಮತ್ತು ಕಡಲೆ ಮಾರಾಟವಾಗುವವರೆಗೆ ಗೋಣಿಚೀಲಗಳಲ್ಲಿ ಮನೆಯೊಳಗೇ ಇರುತ್ತವೆ. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು ಬರುವುದು ಸಹಜ. ಆದ ಕಾರಣ ರೈತರ ಮನೆಯಲ್ಲಿ ಬೆಕ್ಕು ಕೇವಲ ಸಾಕುಪ್ರಾಣಿಯಲ್ಲ, ದಾಸ್ತಾನಿನ ಕಾವಲುಗಾರನೂ ಹೌದು.

ಮಳೆಗಾಲ ಆರಂಭವಾದ ನಂತರ ಇಂತಹ ಬೆಕ್ಕಿನ ಬಾಲದ ಬುಡ, ತೊಡೆಯ ಒಳಭಾಗ ಮತ್ತು ಹೊಟ್ಟೆಯ ಮೇಲಿನ ಕೂದಲು ತೆಳುವಾಗಿ, ಕ್ರಮೇಣ ಚರ್ಮ ಕಾಣಿಸುವುದುಂಟು. ಆಗ ಕೆಲವರು ತೊಗರಿ ಅಥವಾ ಹತ್ತಿಗೆ ಸಿಂಪಡಿಸಿ ಉಳಿದ ಕೀಟನಾಶಕವನ್ನು ನೀರಿನಲ್ಲಿ ಬೆರೆಸಿ ಬೆಕ್ಕಿನ ಮೈಗೆ ಹಚ್ಚುತ್ತಾರೆ. ಇನ್ನು ಕೆಲವರು ಎಮ್ಮೆಯ ಉಣ್ಣೆಗೆ ತಂದ ಔಷಧಿಯನ್ನೇ ಬಳಸುತ್ತಾರೆ. ಕೂದಲು ಉದುರುವುದರಿಂದ ಬೆಕ್ಕು ಸಾಯುವುದು ಅಪರೂಪ. ಈ ಬಗೆಯ ಚಿಕಿತ್ಸೆಯಿಂದ ಸಾಯುವ ಸಾಧ್ಯತೆ ಹೆಚ್ಚು. ಕಾರಣವನ್ನು ಗುರುತಿಸುವುದು ಹೇಗೆ, ಬೆಳೆಯ ಕೀಟನಾಶಕ ಬೆಕ್ಕಿಗೆ ಏಕೆ ಸಲ್ಲದು, ಮನೆಯಲ್ಲಿ ಏನು ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕೂದಲು ಉದುರಿದೆಯೋ, ಬೆಕ್ಕೇ ನೆಕ್ಕಿ ತೆಗೆದಿದೆಯೋ?

ಬೆಕ್ಕಿನ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಗಟ್ಟಿ ಮುಳ್ಳುಗಳಿರುತ್ತವೆ. ಇವುಗಳಿಂದ ಅದು ತನ್ನ ಮೈಯನ್ನು ಬಾಚಿಕೊಳ್ಳುತ್ತದೆ, ಧೂಳನ್ನು ತೆಗೆಯುತ್ತದೆ, ಚಿಗಟಗಳನ್ನು ಹಿಡಿದು ನುಂಗುತ್ತದೆ. ಇದು ಆರೋಗ್ಯವಂತ ಬೆಕ್ಕಿನ ದಿನನಿತ್ಯದ ಕೆಲಸ. ಚರ್ಮದಲ್ಲಿ ತುರಿಕೆ ಅಥವಾ ನೋವು ಉಂಟಾದಾಗ ಅದೇ ನೆಕ್ಕುವಿಕೆ ಮಿತಿಮೀರುತ್ತದೆ. ಕೂದಲು ಅರ್ಧಕ್ಕೆ ತುಂಡಾಗಿ ಜಾಗ ಬೋಳಾಗುತ್ತದೆ. ಬೆಕ್ಕು ಅನೇಕ ವೇಳೆ ಅಟ್ಟದ ಮೇಲೆ, ಚೀಲಗಳ ಸಂದಿಯಲ್ಲಿ ಕುಳಿತು ನೆಕ್ಕಿಕೊಳ್ಳುವುದರಿಂದ ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಕೂದಲು ತಾನಾಗಿಯೇ ಉದುರಿತೆಂದು ಭಾವಿಸುತ್ತಾರೆ.

ಇದನ್ನು ಬೇರ್ಪಡಿಸಲು ಸರಳ ಪರೀಕ್ಷೆಯಿದೆ. ಬೋಳಾದ ಜಾಗದ ಅಂಚಿನಲ್ಲಿ ಬೆರಳಾಡಿಸಿ ನೋಡಿ. ಕತ್ತರಿಸಿದ ಬೆಳೆಯ ಕೂಳೆಯಂತೆ ಮೊಂಡಾಗಿ, ಒರಟಾಗಿ ತಗುಲಿದರೆ ಬೆಕ್ಕು ನೆಕ್ಕಿ ತುಂಡರಿಸಿದೆ ಎಂದರ್ಥ. ಕೂದಲನ್ನು ಮೆಲ್ಲಗೆ ಹಿಡಿದಾಗ ಬುಡಸಮೇತ ಸುಲಭವಾಗಿ ಕೈಗೆ ಬಂದರೆ ಬೇರಿನಲ್ಲೇ ತೊಂದರೆ ಇರಬಹುದು. ಮಲದಲ್ಲಿ ಅಥವಾ ವಾಂತಿಯಲ್ಲಿ ಕೂದಲಿನ ಉಂಡೆಗಳು ಕಂಡರೆ ಅದೂ ಅತಿಯಾದ ನೆಕ್ಕುವಿಕೆಯ ಗುರುತು.

ಎಲ್ಲ ಬೋಳುತನವೂ ರೋಗವಲ್ಲ. ಕಣ್ಣು ಮತ್ತು ಕಿವಿಯ ನಡುವಿನ ಜಾಗದಲ್ಲಿ ಕೂದಲು ತೆಳುವಾಗಿರುವುದು ಸ್ವಾಭಾವಿಕ. ಮರಿ ಹಾಕಿದ ಬೆಕ್ಕಿನ ಮೊಲೆಗಳ ಸುತ್ತ ಕೂದಲು ಕಡಿಮೆಯಾಗಿ ನಂತರ ಮತ್ತೆ ಬೆಳೆಯುತ್ತದೆ. ಚರ್ಮ ಕೆಂಪಾಗಿಲ್ಲದೆ, ಹುರುಪೆ ಇಲ್ಲದೆ, ಬೆಕ್ಕು ಚಟುವಟಿಕೆಯಿಂದಿದ್ದರೆ ಇವುಗಳಿಗೆ ಚಿಕಿತ್ಸೆ ಬೇಕಿಲ್ಲ.

ಮುಖ್ಯ ಕಾರಣಗಳು

1. ಚಿಗಟ

ಬೆಕ್ಕಿನ ತುರಿಕೆಗೆ ಅತಿ ಸಾಮಾನ್ಯ ಕಾರಣ ಚಿಗಟ. ಚಿಗಟದ ಜೊಲ್ಲು ಕೆಲವು ಬೆಕ್ಕುಗಳಿಗೆ ಒಗ್ಗುವುದಿಲ್ಲ. ಅಂತಹ ಬೆಕ್ಕಿಗೆ ಬೆರಳೆಣಿಕೆಯಷ್ಟು ಚಿಗಟಗಳು ಕಚ್ಚಿದರೂ ತೀವ್ರ ತುರಿಕೆಯಾಗುತ್ತದೆ. ಬಾಲದ ಬುಡ, ತೊಡೆ, ಹೊಟ್ಟೆಗಳಲ್ಲಿ ಕೂದಲು ಹೋಗುವುದು, ಕುತ್ತಿಗೆ ಮತ್ತು ಬೆನ್ನಿನ ಮೇಲೆ ರಾಗಿ ಕಾಳಿನಷ್ಟು ಸಣ್ಣ ಹುರುಪೆಗಳು ಕೈಗೆ ತಗುಲುವುದು ಇದರ ಲಕ್ಷಣಗಳು.

“ನಮ್ಮ ಬೆಕ್ಕಿನ ಮೈಮೇಲೆ ಒಂದು ಚಿಗಟವೂ ಕಾಣುವುದಿಲ್ಲ” ಎಂಬ ಮಾತಿಗೆ ಮೋಸಹೋಗಬಾರದು. ಹೆಚ್ಚು ನೆಕ್ಕುವ ಬೆಕ್ಕು ಸಾಕ್ಷಿಯನ್ನೇ ನುಂಗಿಬಿಡುತ್ತದೆ. ಆದ್ದರಿಂದ ಚಿಗಟಕ್ಕಿಂತ ಅದರ ಹಿಕ್ಕೆಯನ್ನು ಹುಡುಕಿ. ಹೇನು ತೆಗೆಯುವ ಸಣ್ಣ ಹಲ್ಲಿನ ಹಣಿಗೆಯಿಂದ ಬಾಲದ ಬುಡವನ್ನು ಬಾಚಿ, ಬಂದ ಕಪ್ಪು ಹುಡಿಯನ್ನು ಒದ್ದೆ ಮಾಡಿದ ಬಿಳಿ ಅರಳೆಯ ಮೇಲೆ ಉದುರಿಸಿ. ಕೆಲವು ನಿಮಿಷಗಳಲ್ಲಿ ಅದರ ಸುತ್ತ ಕೆಂಪು ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣಗೊಂಡ ರಕ್ತ. ಬಣ್ಣ ಬಿಡದಿದ್ದರೆ ಅದು ಹೊಲದ ಕಪ್ಪು ಮಣ್ಣು.

ಚಿಗಟವನ್ನು ನುಂಗಿದ ಬೆಕ್ಕಿಗೆ ಲಾಡಿಹುಳು ತಗುಲುತ್ತದೆ. ಗುದದ್ವಾರದ ಸುತ್ತ ಅಥವಾ ಮಲಗುವ ಜಾಗದಲ್ಲಿ ಅಕ್ಕಿ ಕಾಳಿನಂತಹ ತುಣುಕುಗಳು ಕಂಡರೆ ಚಿಗಟದ ಜೊತೆಗೆ ಜಂತುಹುಳುವಿಗೂ ಚಿಕಿತ್ಸೆ ಆಗಬೇಕು.

2. ನುಸಿ ಮತ್ತು ಕಜ್ಜಿ

ತೊಗರಿಯ ಗೊಡ್ಡು ರೋಗವನ್ನು ಹರಡುವ ನುಸಿ ಬರಿಗಣ್ಣಿಗೆ ಕಾಣುವುದಿಲ್ಲವೆಂಬುದು ನಿಮಗೆ ತಿಳಿದಿದೆ. ಬೆಕ್ಕಿನ ಚರ್ಮದಲ್ಲೂ ಇಂತಹ ಸೂಕ್ಷ್ಮ ನುಸಿಗಳಿವೆ. ಕಿವಿಯ ನುಸಿ ಇದ್ದರೆ ಕಿವಿಯೊಳಗೆ ಕಾಫಿ ಪುಡಿಯಂತಹ ಕಪ್ಪು ಗುಗ್ಗೆ ತುಂಬಿ, ಬೆಕ್ಕು ತಲೆ ಕೊಡವುತ್ತದೆ, ಕಿವಿಯ ಹಿಂದೆ ಪರಚಿ ಕೂದಲು ಕಳೆದುಕೊಳ್ಳುತ್ತದೆ. ಕಜ್ಜಿಯ ನುಸಿ ಕಿವಿಯ ಅಂಚಿನಿಂದ ಆರಂಭವಾಗಿ ಮುಖ, ಕುತ್ತಿಗೆ, ಪಾದಗಳಿಗೆ ಹರಡುತ್ತದೆ. ಚರ್ಮ ದಪ್ಪವಾಗಿ ಬೂದು ಬಣ್ಣದ ಹುರುಪೆ ಕಟ್ಟುತ್ತದೆ. ಇದು ಬೆಕ್ಕಿನಿಂದ ಬೆಕ್ಕಿಗೆ ಬೇಗ ಹರಡುತ್ತದೆ. ಎತ್ತಿಕೊಂಡ ಮಕ್ಕಳ ಮೈಮೇಲೂ ಕೆಲವು ದಿನ ತುರಿಕೆಯ ಗುಳ್ಳೆಗಳನ್ನು ಉಂಟುಮಾಡಬಲ್ಲದು.

3. ಗಜಕರ್ಣ

ಇದು ಶಿಲೀಂಧ್ರ ರೋಗ. ಮರಿಗಳಲ್ಲಿ ಹೆಚ್ಚು. ಮುಖ, ಕಿವಿ, ಮುಂಗಾಲುಗಳ ಮೇಲೆ ದುಂಡಾದ ಬೋಳು ಮಚ್ಚೆಗಳು, ಹೊಟ್ಟಿನಂತಹ ಪುಡಿ, ಮುರಿದ ಕೂದಲು ಇದರ ಲಕ್ಷಣಗಳು. ತುರಿಕೆ ಇಲ್ಲದೆಯೂ ಇರಬಹುದು. ಮನುಷ್ಯರಿಗೂ ತಗುಲುವ ರೋಗವಾದ್ದರಿಂದ ಮನೆಯ ಮಕ್ಕಳ ಕೈ, ಕುತ್ತಿಗೆ, ತಲೆಯ ಮೇಲೆ ದುಂಡು ಮಚ್ಚೆಗಳಿವೆಯೇ ಎಂದು ನೋಡಿ, ಇದ್ದರೆ ವೈದ್ಯರಿಗೆ ತೋರಿಸಿ. ರೋಗದ ಬೀಜಾಣುಗಳು ಉದುರಿದ ಕೂದಲಿನಲ್ಲಿ ತಿಂಗಳುಗಟ್ಟಲೆ, ಅನುಕೂಲ ಪರಿಸ್ಥಿತಿಯಲ್ಲಿ ಒಂದು ವರ್ಷಕ್ಕೂ ಮೀರಿ ಉಳಿಯಬಲ್ಲವು. ಆದುದರಿಂದ ಬೆಕ್ಕು ಮಲಗುವ ಬಟ್ಟೆಯ ಶುಚಿತ್ವವೂ ಚಿಕಿತ್ಸೆಯ ಭಾಗ.

4. ಆಹಾರ, ನೋವು ಮತ್ತು ಒತ್ತಡ

ಬೆಕ್ಕು ಮಾಂಸಾಹಾರಿ ಪ್ರಾಣಿ. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ ಅದರ ಹೊಟ್ಟೆ ತುಂಬಿಸಬಹುದು, ಆದರೆ ಕೂದಲಿಗೆ ಬೇಕಾದ ಪ್ರೋಟೀನನ್ನು ಸಾಕಷ್ಟು ಒದಗಿಸದು. ಕೂದಲು ಮಂಕಾಗಿ, ಒರಟಾಗಿ, ಇಡೀ ಮೈಯಲ್ಲಿ ತೆಳುವಾಗಿದ್ದರೆ ಆಹಾರದ ಕೊರತೆಯನ್ನು ಶಂಕಿಸಬೇಕು. ಬೇಯಿಸಿದ ಮೊಟ್ಟೆ, ಮೀನು, ಮಾಂಸದ ತುಣುಕುಗಳನ್ನು ಖಾರ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಕೊಡಬಹುದು. ಕೆಲವು ಬೆಕ್ಕುಗಳಿಗೆ ನಿರ್ದಿಷ್ಟ ಆಹಾರ ಒಗ್ಗದೆ ತುರಿಕೆ ಬರುವುದೂ ಉಂಟು. ಇದು ಚಿಗಟದಷ್ಟು ಸಾಮಾನ್ಯವಲ್ಲ.

ಹೊಟ್ಟೆಯ ಕೆಳಭಾಗವನ್ನು ಮಾತ್ರ ನೆಕ್ಕಿ ಬೋಳು ಮಾಡಿಕೊಂಡಿದ್ದರೆ ಮೂತ್ರಕೋಶದ ಉರಿ ಕಾರಣವಾಗಿರಬಹುದು. ಗಂಡು ಬೆಕ್ಕು ಮೂತ್ರಕ್ಕೆ ಪದೇಪದೇ ಕುಳಿತು ಹನಿಯೂ ಬಾರದಿದ್ದರೆ ಅದು ಪ್ರಾಣಾಪಾಯದ ಸ್ಥಿತಿ. ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು. ವಯಸ್ಸಾದ ಬೆಕ್ಕು ಒಂದು ಕೀಲನ್ನೇ ನೆಕ್ಕುತ್ತಿದ್ದರೆ ಅಲ್ಲಿ ನೋವಿರಬಹುದು.

ಹೊಸ ನಾಯಿ ಬಂದುದು, ಮನೆ ಬದಲಿಸಿದುದು ಮುಂತಾದ ಒತ್ತಡದಿಂದಲೂ ಬೆಕ್ಕು ಅತಿಯಾಗಿ ನೆಕ್ಕಿಕೊಳ್ಳುತ್ತದೆ. ಆದರೆ ಇದನ್ನು ಮೊದಲ ಕಾರಣವೆಂದು ತೀರ್ಮಾನಿಸಬಾರದು. 2006ರಲ್ಲಿ ಪ್ರಕಟವಾದ ಪಶುವೈದ್ಯಕೀಯ ಅಧ್ಯಯನವೊಂದರಲ್ಲಿ, ಮಾನಸಿಕ ಕಾರಣದಿಂದ ಕೂದಲು ಕಳೆದುಕೊಂಡಿವೆ ಎಂದು ಶಂಕಿಸಲಾಗಿದ್ದ 21 ಬೆಕ್ಕುಗಳನ್ನು ಕೂಲಂಕಷವಾಗಿ ಪರೀಕ್ಷಿಸಿದಾಗ 16ರಲ್ಲಿ ದೈಹಿಕ ಕಾರಣವೇ ಕಂಡುಬಂತು. ಕೇವಲ 2 ಬೆಕ್ಕುಗಳಲ್ಲಿ ಮಾತ್ರ ಸಂಪೂರ್ಣ ಮಾನಸಿಕ ಕಾರಣವಿತ್ತು.

ನಮ್ಮ ಭಾಗದಲ್ಲಿ ಚಿಗಟದ ಹಂಗಾಮು

ಚಿಗಟದ ನಿಯಂತ್ರಣ ತಪ್ಪುವುದು ಅದರ ಜೀವನಚಕ್ರದ ಅರಿವಿಲ್ಲದ ಕಾರಣದಿಂದ. ಒಂದು ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆಗಳವರೆಗೆ ಇಡಬಲ್ಲದು. ಈ ಮೊಟ್ಟೆಗಳು ಬೆಕ್ಕು ಮಲಗಿದಲ್ಲೆಲ್ಲ ಉದುರುತ್ತವೆ. ಅವುಗಳಿಂದ ಹೊರಬಂದ ಮರಿಹುಳುಗಳು ಬೆಳಕಿಗೆ ಬಾರದೆ ನೆಲದ ಬಿರುಕು, ಚೀಲಗಳ ಅಡಿ, ಕೌದಿಯ ಮಡಿಕೆಗಳಲ್ಲಿ ಬೆಳೆದು ಗೂಡು ಕಟ್ಟುತ್ತವೆ. ಅನುಕೂಲಕರ ಹವಾಮಾನದಲ್ಲಿ ಮೂರು ನಾಲ್ಕು ವಾರಗಳಲ್ಲಿ ಒಂದು ಪೀಳಿಗೆ ಮುಗಿಯುತ್ತದೆ. ಗೂಡಿನೊಳಗಿನ ಚಿಗಟ ತಿಂಗಳುಗಟ್ಟಲೆ ಕಾದಿದ್ದು, ಹತ್ತಿರ ಪ್ರಾಣಿಯ ಅಥವಾ ಮನುಷ್ಯರ ಓಡಾಟವಾದಾಗ ಹೊರಬರುತ್ತದೆ. ಒಟ್ಟು ಚಿಗಟ ಸಮೂಹದಲ್ಲಿ ಬೆಕ್ಕಿನ ಮೈಮೇಲಿರುವ ಪ್ರೌಢ ಚಿಗಟಗಳ ಪಾಲು ಸುಮಾರು ಶೇ. 5 ಮಾತ್ರ; ಉಳಿದುದೆಲ್ಲ ಮೊಟ್ಟೆ, ಮರಿಹುಳು, ಗೂಡುಗಳ ರೂಪದಲ್ಲಿ ಮನೆಯ ನೆಲದಲ್ಲಿದೆ.

ಗಾಳಿಯ ತೇವಾಂಶ ಶೇ. 50ಕ್ಕಿಂತ ಕಡಿಮೆಯಾದರೆ ಅಥವಾ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಮೀರಿ ಬಹುಕಾಲ ಉಳಿದರೆ ಮರಿಹುಳುಗಳು ಬದುಕಲಾರವು. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ಜಿಲ್ಲೆಯ ಉಷ್ಣತೆ 40 ಡಿಗ್ರಿ ದಾಟುವುದರಿಂದ ಅಂಗಳದ ಚಿಗಟಗಳಿಗೆ ಬಿಸಿಲೇ ಮದ್ದು. ತಂಪಾದ ಕೋಣೆಯ ಬಿರುಕುಗಳಲ್ಲಿ ಉಳಿದವು ಜೂನ್ ಮಳೆಯ ನಂತರ ಮತ್ತೆ ವೃದ್ಧಿಸುತ್ತವೆ. ಭೀಮಾ ನದಿಯ ದಂಡೆಯ ಅಫಜಲಪುರ ಮತ್ತು ಜೇವರ್ಗಿಯ ನೀರಾವರಿ ಗ್ರಾಮಗಳಲ್ಲಿ, ಕಬ್ಬಿನ ಹೊಲಗಳ ಪಕ್ಕದ ಮನೆಗಳಲ್ಲಿ ತೇವಾಂಶ ಹೆಚ್ಚಿರುವುದರಿಂದ ಇನ್ನೂ ಹೆಚ್ಚಿನ ಎಚ್ಚರಿಕೆ ಅಗತ್ಯ. ಬೆಕ್ಕಿನ ಚಿಗಟವು ನಾಯಿ, ಆಡಿನ ಮರಿ ಮತ್ತು ಕರುಗಳ ಮೇಲೂ ಏರುತ್ತದೆಂಬುದನ್ನು ಮರೆಯಬಾರದು.

ಬೆಳೆಯ ಕೀಟನಾಶಕ ಬೆಕ್ಕಿಗೆ ಏಕೆ ಸಲ್ಲದು?

ಚಿಗಟದ ಹಾವಳಿ ಮತ್ತು ಸಿಂಪರಣೆಯ ಕಾಲ ಎರಡೂ ಒಟ್ಟಿಗೆ ಬರುವುದು ನಮ್ಮ ಭಾಗದ ವಿಶೇಷ ಅಪಾಯ. ಹತ್ತಿಗೆ ಆಗಸ್ಟ್‌ನಿಂದ, ತೊಗರಿಯ ಕಾಯಿಕೊರಕಕ್ಕೆ ಹೂ ಬಿಡುವ ಕಾಲದಿಂದ ಸಿಂಪರಣೆ ನಡೆಯುತ್ತದೆ. ಆಗ ಮನೆಯಲ್ಲಿ ಅರ್ಧ ಉಳಿದ ಬಾಟಲಿಗಳು ಇದ್ದೇ ಇರುತ್ತವೆ. ಅವನ್ನು ಬೆಕ್ಕಿಗೆ ಬಳಸಬಾರದೆನ್ನಲು ಮೂರು ಕಾರಣಗಳಿವೆ.

ಮೊದಲನೆಯದು, ಹಚ್ಚಿದ ಮದ್ದು ಬೆಕ್ಕಿನ ಹೊಟ್ಟೆ ಸೇರುತ್ತದೆ. ಎಮ್ಮೆಯ ಬೆನ್ನಿಗೆ ಹಚ್ಚಿದ್ದು ಬಹುಮಟ್ಟಿಗೆ ಬೆನ್ನಿನ ಮೇಲೆಯೇ ಉಳಿಯುತ್ತದೆ. ತುರಿಕೆಯಿಂದ ದಿನವಿಡೀ ಮೈ ನೆಕ್ಕುವ ಬೆಕ್ಕು ಅದನ್ನು ಪೂರ್ತಿ ನುಂಗುತ್ತದೆ. ಬೋಳಾದ, ಗಾಯಗೊಂಡ ಚರ್ಮದ ಮೂಲಕವೂ ವಿಷ ಬೇಗ ಒಳಸೇರುತ್ತದೆ.

ಎರಡನೆಯದು, ಬೆಕ್ಕಿನ ಯಕೃತ್ತಿಗೆ ಅನೇಕ ರಾಸಾಯನಿಕಗಳನ್ನು ನಿರ್ವಿಷಗೊಳಿಸುವ ಶಕ್ತಿ ಕಡಿಮೆ. ಮನುಷ್ಯ, ನಾಯಿ, ದನಗಳಲ್ಲಿ ಇರುವ ಒಂದು ಮುಖ್ಯ ಕಿಣ್ವ ವ್ಯವಸ್ಥೆ ಬೆಕ್ಕಿನಲ್ಲಿ ದುರ್ಬಲವಾಗಿದೆ. ಆದ್ದರಿಂದ ನಾಯಿಯ ಚಿಗಟಕ್ಕೆ ಬಳಸುವ ಪರ್ಮೆತ್ರಿನ್ ಬೆಕ್ಕಿಗೆ ಮಾರಕ. ಸೈಪರ್‌ಮೆತ್ರಿನ್, ಡೆಲ್ಟಾಮೆತ್ರಿನ್, ಲ್ಯಾಂಬ್ಡಾ ಸೈಹಲೋತ್ರಿನ್ ಇದೇ ಗುಂಪಿಗೆ ಸೇರಿದವು. ಪ್ರೊಫೆನೋಫಾಸ್, ಕ್ಲೋರ್‌ಪೈರಿಫಾಸ್, ಅಸಿಫೇಟ್ ಮುಂತಾದವು ನರಮಂಡಲಕ್ಕೆ ಬೇರೆ ರೀತಿಯಲ್ಲಿ ಹಾನಿ ಮಾಡುತ್ತವೆ. ಉಣ್ಣೆಗೆ ಬಳಸುವ ಅಮಿಟ್ರಾಜ್ ಕೂಡ ಬೆಕ್ಕಿಗೆ ಬೇಡ.

ಮೂರನೆಯದು, ಹೆಸರು ಒಂದೇ ಆದರೂ ತಯಾರಿಕೆ ಒಂದೇ ಅಲ್ಲ. ಬೆಕ್ಕಿನ ಚಿಗಟಕ್ಕೆ ಪಶುವೈದ್ಯರು ಕೊಡುವ ಹನಿ ಔಷಧಿಗಳಲ್ಲಿ ಫಿಪ್ರೋನಿಲ್ ಒಂದು. ಕಬ್ಬಿನ ಸುಳಿಕೊರಕಕ್ಕೆ ಹಾಕುವ ಹರಳಿನಲ್ಲೂ, ಹತ್ತಿಗೆ ಸಿಂಪಡಿಸುವ ದ್ರಾವಣದಲ್ಲೂ ಇದೇ ಫಿಪ್ರೋನಿಲ್ ಇದೆ. “ಮದ್ದು ಒಂದೇ, ಇದು ಅಗ್ಗ” ಎಂಬ ಲೆಕ್ಕಾಚಾರ ಇಲ್ಲಿ ಹುಟ್ಟುತ್ತದೆ. ಬೆಕ್ಕಿನ ಔಷಧಿ ಸುಮಾರು ಅರ್ಧ ಮಿ.ಲೀ. ಅಳತೆಯ ಒಂದು ಕೊಳವೆಯಲ್ಲಿ ಬರುತ್ತದೆ. ನಾಲಿಗೆಗೆ ಎಟುಕದ ಕುತ್ತಿಗೆಯ ಹಿಂಭಾಗದ ಚರ್ಮಕ್ಕೆ ಮಾತ್ರ ಅದನ್ನು ಹಾಕಲಾಗುತ್ತದೆ. ಬೆಳೆಗೆ ತಯಾರಿಸಿದ ಔಷಧಿಯಲ್ಲಿನ ದ್ರಾವಕ ಮತ್ತು ಅಂಟು ಪದಾರ್ಥಗಳು ಎಲೆಗಾಗಿ ಬೆರೆಸಿದವು, ಚರ್ಮಕ್ಕಾಗಿ ಅಲ್ಲ. ಎಕರೆಗೆ ಲೆಕ್ಕ ಹಾಕಿದ ಪ್ರಮಾಣವನ್ನು ಮೂರು ಕಿಲೋ ತೂಕದ ಪ್ರಾಣಿಗೆ ಇಳಿಸುವುದು ಅಂದಾಜಿನ ಕೆಲಸವಲ್ಲ.

ಸೀಮೆಎಣ್ಣೆ, ಸುಟ್ಟ ಎಂಜಿನ್ ಎಣ್ಣೆ, ಫಿನೈಲ್, ಬೇವಿನ ಎಣ್ಣೆ, ಮನುಷ್ಯರ ಕಜ್ಜಿ ಮತ್ತು ಗಜಕರ್ಣದ ಮುಲಾಮುಗಳನ್ನೂ ಹಚ್ಚಬೇಡಿ. ದನಕ್ಕೆ ತಂದ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಸ್ವತಃ ಕೊಡಬೇಡಿ. ನೋವಿಗೆಂದು ಪ್ಯಾರಾಸಿಟಮಾಲ್ ಗುಳಿಗೆಯನ್ನಂತೂ ಕೊಡಲೇಬಾರದು. ಅದು ಬೆಕ್ಕಿಗೆ ವಿಷ.

ಹಚ್ಚದೆಯೂ ವಿಷ ಸೇರಬಹುದು. ಬೀಜೋಪಚಾರ ಮಾಡಿದ ಬೀಜದ ಚೀಲದ ಮೇಲೆ ಮಲಗಿದ, ಆಗಷ್ಟೇ ಸಿಂಪಡಿಸಿದ ಹೊಲದಲ್ಲಿ ತಿರುಗಿದ, ಪಂಪು ತೊಳೆದ ನೀರಿನಲ್ಲಿ ಕಾಲಿಟ್ಟ ಬೆಕ್ಕು ಮನೆಗೆ ಬಂದು ಮೈ ನೆಕ್ಕಿಕೊಳ್ಳುತ್ತದೆ. ಆದ್ದರಿಂದ ಕೀಟನಾಶಕ ಮತ್ತು ಉಪಚರಿಸಿದ ಬೀಜವನ್ನು ಬೀಗ ಹಾಕಿದ ಜಾಗದಲ್ಲಿಡಿ. ಪಂಪನ್ನು ಮನೆಯಂಗಳದಲ್ಲಿ ತೊಳೆಯಬೇಡಿ.

ವಿಷಬಾಧೆಯ ಲಕ್ಷಣ ಮತ್ತು ಪ್ರಥಮ ಚಿಕಿತ್ಸೆ

ಅತಿಯಾದ ಜೊಲ್ಲು, ಕಿವಿ ಹಾಗೂ ಮೈ ಅದುರುವುದು, ತೂರಾಡುವ ನಡಿಗೆ, ವಾಂತಿ, ಭೇದಿ, ಉಸಿರಾಟದ ತೊಂದರೆ, ಸೆಳೆತ ಇವು ಲಕ್ಷಣಗಳು. ಕೆಲವೇ ಗಂಟೆಗಳಲ್ಲಿ, ಕೆಲವೊಮ್ಮೆ ಎರಡು ಮೂರು ದಿನಗಳ ನಂತರವೂ ಕಾಣಿಸಬಹುದು.

1. ಕೈಗವಸು ಧರಿಸಿ, ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ದ್ರವ ಸೋಪಿನಿಂದ ಬೆಕ್ಕಿನ ಮೈಯನ್ನು ತೊಳೆಯಿರಿ. ಬಿಸಿನೀರು ಬಳಸಬೇಡಿ. ಕಣ್ಣು, ಬಾಯಿಗೆ ನೊರೆ ಹೋಗದಿರಲಿ.
2. ಒಣ ಬಟ್ಟೆಯಿಂದ ಒರೆಸಿ ಬೆಚ್ಚಗಿಡಿ. ನೆಕ್ಕಿಕೊಳ್ಳದಂತೆ ಬಟ್ಟೆಯಲ್ಲಿ ಸುತ್ತಿ ಹಿಡಿದಿರಿ.
3. ಹಾಲು, ತುಪ್ಪ, ಎಣ್ಣೆ, ಉಪ್ಪುನೀರು ಕುಡಿಸಬೇಡಿ. ವಾಂತಿ ಮಾಡಿಸಲು ಯತ್ನಿಸಬೇಡಿ.
4. ಸೆಳೆತ ಆರಂಭವಾಗಿದ್ದರೆ ತೊಳೆಯುತ್ತ ಕೂರದೆ ಕೂಡಲೇ ಪಶು ಆಸ್ಪತ್ರೆಗೆ ಒಯ್ಯಿರಿ.
5. ಬಳಸಿದ ಔಷಧಿಯ ಬಾಟಲಿ ಅಥವಾ ಚೀಟಿಯನ್ನು ಜೊತೆಗೆ ತೆಗೆದುಕೊಂಡು ಹೋಗಿ. ಯಾವ ಗುಂಪಿನ ವಿಷವೆಂದು ತಿಳಿದರೆ ಪಶುವೈದ್ಯರಿಗೆ ಸರಿಯಾದ ಮದ್ದು ಕೊಡಲು ಅನುಕೂಲ.

ಕೈಗೊಳ್ಳಬೇಕಾದ ಸುರಕ್ಷಿತ ಕ್ರಮಗಳು

1. ಮಳೆಗಾಲದಲ್ಲಿ ವಾರಕ್ಕೆ ಎರಡು ಬಾರಿ ಸಣ್ಣ ಹಲ್ಲಿನ ಹಣಿಗೆಯಿಂದ ಬೆಕ್ಕನ್ನು ಬಾಚಿ, ಸಿಕ್ಕ ಚಿಗಟಗಳನ್ನು ಸೋಪಿನ ನೀರಿನಲ್ಲಿ ಮುಳುಗಿಸಿ. ಎರಡು ತಿಂಗಳೊಳಗಿನ ಮರಿಗಳಿಗೆ ಇದೇ ಉತ್ತಮ ಕ್ರಮ.
2. ಪಶುವೈದ್ಯರ ಸಲಹೆಯಂತೆ ತೂಕ ನೋಡಿ, ಬೆಕ್ಕಿಗೆಂದೇ ತಯಾರಿಸಿದ ಹನಿ ಔಷಧಿಯನ್ನು ತಿಂಗಳಿಗೊಮ್ಮೆ ಹಾಕಿ. ಗೂಡಿನಲ್ಲಿರುವ ಚಿಗಟಗಳು ತಡವಾಗಿ ಹೊರಬರುವುದರಿಂದ ಕನಿಷ್ಠ ಮೂರು ತಿಂಗಳು ಮುಂದುವರಿಸಬೇಕು. ಮೊದಲ ಸಲ ಹಾಕಿದ ನಂತರವೂ ಚಿಗಟ ಕಂಡರೆ ಔಷಧಿ ವಿಫಲವಾಯಿತೆಂದು ಪ್ರಮಾಣ ಹೆಚ್ಚಿಸಬೇಡಿ.
3. ಮನೆಯ ಎಲ್ಲ ಬೆಕ್ಕು, ನಾಯಿಗಳಿಗೂ ಆಯಾ ಪ್ರಾಣಿಗೆ ತಕ್ಕ ಔಷಧಿಯನ್ನು ಒಂದೇ ಸಮಯದಲ್ಲಿ ಕೊಡಿಸಿ.
4. ಬೆಕ್ಕು ಮಲಗುವ ಕೌದಿ, ಬಟ್ಟೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಖಾಲಿ ಗೋಣಿಚೀಲಗಳನ್ನು ಬೇಸಿಗೆಯ ಬಿಸಿಲಿಗೆ ಒಣಗಿಸಿಯೇ ಮಡಚಿಡಿ. ಇದು ಕಾಳಿನ ದಾಸ್ತಾನು ಕೀಟಗಳಿಗೂ ಒಳ್ಳೆಯ ಕ್ರಮ.
5. ಶಹಾಬಾದ್ ಬಂಡೆಗಳ ನೆಲವಾದರೆ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿ. ಮಣ್ಣಿನ ನೆಲವಾದರೆ ಬಿರುಕುಗಳನ್ನು ಮೆತ್ತಿ. ಮೂಲೆಗಳ ಕಸವನ್ನು ಗುಡಿಸಿ ಮನೆಯಿಂದ ದೂರ ಹೂಳಿ.
6. ಕಜ್ಜಿ ಅಥವಾ ಗಜಕರ್ಣದ ಶಂಕೆ ಇದ್ದರೆ ಮಕ್ಕಳು ಬೆಕ್ಕನ್ನು ಎತ್ತಿಕೊಳ್ಳದಂತೆ ನೋಡಿಕೊಳ್ಳಿ. ಮುಟ್ಟಿದ ನಂತರ ಸೋಪಿನಿಂದ ಕೈ ತೊಳೆಯಿರಿ. ಚರ್ಮದ ಹುರುಪೆಯನ್ನು ಪರೀಕ್ಷಿಸಿಯೇ ಔಷಧಿ ನಿರ್ಧರಿಸಬೇಕಾಗುತ್ತದೆ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ರೈತ ಸಂಪರ್ಕ ಕೇಂದ್ರದ ಸಿಬ್ಬಂದಿ, ಪಶು ಸಖಿಯರು ಮತ್ತು ಕೃಷಿ ಸಖಿಯರು ಸಿಂಪರಣೆಯ ಸುರಕ್ಷತೆ ಕುರಿತ ತರಬೇತಿಯಲ್ಲಿ ಈ ವಿಷಯಕ್ಕೆ ಐದು ನಿಮಿಷ ಮೀಸಲಿಡುವುದು ಸೂಕ್ತ. ಬೆಕ್ಕಿನ ಕೂದಲು ಉದುರುತ್ತಿದೆ ಎಂದು ಯಾರಾದರೂ ಹೇಳಿದರೆ ಮೂರು ಪ್ರಶ್ನೆಗಳನ್ನು ಕೇಳಿ: ಮೈಯ ಯಾವ ಭಾಗದಲ್ಲಿ ಕೂದಲು ಹೋಗಿದೆ? ಮನೆಯ ಇತರ ಪ್ರಾಣಿಗಳಿಗೆ ಅಥವಾ ಮಕ್ಕಳಿಗೆ ತುರಿಕೆ ಇದೆಯೇ? ಈಗಾಗಲೇ ಏನನ್ನಾದರೂ ಹಚ್ಚಿದ್ದಾರೆಯೇ? ಮೂರನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಬೇರೆಲ್ಲ ಬದಿಗಿಟ್ಟು ಮೊದಲು ಮೈ ತೊಳೆಸಿ, ಪಶುವೈದ್ಯರನ್ನು ಸಂಪರ್ಕಿಸಲು ತಿಳಿಸಿ.

ತೊಗರಿ ಒಣಗಿದಾಗ ಅದು ನೆಟೆ ರೋಗವೋ, ತೇವಾಂಶದ ಕೊರತೆಯೋ ಎಂದು ಗಿಡ ಕಿತ್ತು, ಕಾಂಡ ಸೀಳಿ ನೋಡಿದ ಮೇಲೆಯೇ ಕ್ರಮ ಕೈಗೊಳ್ಳುವಂತೆ ನಾವು ಸಲಹೆ ನೀಡುತ್ತೇವೆ. ನೆಟೆ ರೋಗಕ್ಕೆ ಕೀಟನಾಶಕ ಸಿಂಪಡಿಸಿದರೆ ಹಣ ವ್ಯರ್ಥವಾಗುತ್ತದೆ. ಬೆಕ್ಕಿನ ವಿಷಯದಲ್ಲಿ ಅಂತಹ ತಪ್ಪು ಅದರ ಪ್ರಾಣಕ್ಕೇ ಎರವಾಗುತ್ತದೆ. ಕಾರಣ ತಿಳಿದ ಮೇಲೆಯೇ ಔಷಧಿ ಎಂಬ ನಿಯಮ ಹೊಲಕ್ಕೂ ಮನೆಗೂ ಒಂದೇ.

ಹೆಚ್ಚಿನ ಮಾಹಿತಿ ಮತ್ತು ಚಿಕಿತ್ಸೆಗಾಗಿ ಆಳಂದ, ಅಫಜಲಪುರ ಅಥವಾ ಜೇವರ್ಗಿಯ ತಾಲ್ಲೂಕು ಪಶು ಆಸ್ಪತ್ರೆಯನ್ನು ಸಂಪರ್ಕಿಸಿ. ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆಗೆ ಉಚಿತ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು. ಕೀಟನಾಶಕಗಳ ಸುರಕ್ಷಿತ ಬಳಕೆ ಮತ್ತು ದಾಸ್ತಾನು ಕುರಿತ ಸಲಹೆಗೆ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಭೇಟಿ ಮಾಡಿ.